ದೊಡ್ಡ ಚಿತ್ರಸರಣಿಗಳ ಮಾಲೀಕರು ಮತ್ತು ಅಭಿಮಾನಿಗಳ ತಕರಾರು

(ಚಿತ್ರದುರ್ಗದಲ್ಲಿ ಸಿನಿಮಾಸಕ್ತ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರು ಕೂತಿರುವ ವಿದ್ಯಾರ್ಥಿ ಮಿತ್ರರಿಗೆ, ಹಿಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳಿಗೆ ನಮಸ್ಕಾರ.

ಇವತ್ತಿನ ವಿಷಯವನ್ನು ಆರಿಸಿಕೊಟ್ಟವರು ವಿದ್ಯಾರ್ಥಿಗಳೇ. "ಸರ್, ಡಿಸ್ನಿ ಕೈಗೆ ಹೋದ ಮೇಲೆ ಸ್ಟಾರ್ ವಾರ್ಸ್ ಕೆಟ್ಟಿತು. ಎಂಡ್‌ಗೇಮ್ ಸಿನಿಮಾ ಆದ ಮೇಲೆ ಮಾರ್ವೆಲ್ ಸೂಪರ್‌ಹೀರೋ ಸರಣಿಯಲ್ಲಿ ಏನೂ ಉಳಿದಿಲ್ಲ. ಈಗ ಜೇಮ್ಸ್ ಬಾಂಡ್ ಕೂಡ ಅಮೆಜಾನ್ ಪಾಲಾಯಿತು. ಕಂಪನಿಗಳು ಕೊಂಡರೆ ಕಥೆ ಯಾಕೆ ಹಾಳಾಗುತ್ತದೆ, ಅದನ್ನು ಹೇಳಿ" ಅಂದರು. ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಹತ್ತು ವರ್ಷದವರಿದ್ದಾಗ ಮನಸ್ಸಿಗೆ ಹಚ್ಚಿಕೊಂಡ ಪಾತ್ರವನ್ನು ಇಪ್ಪತ್ತೈದರಲ್ಲಿ ಯಾರೋ ಕೆಡಿಸಿದರು ಅನ್ನಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಬೈಗುಳ ಸರಿಯಾದ ಬಾಗಿಲಿಗೆ ತಲುಪುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಕಂಪನಿ ಕೊಂಡಿತು ಅಂದ ಮಾತ್ರಕ್ಕೆ ಕಥೆ ಕೆಡುವುದಿಲ್ಲ. ಬಿಡುಗಡೆಯ ತಾರೀಕು ಮೊದಲು ನಿಗದಿಯಾಗಿ, ಆಮೇಲೆ ಕಥೆ ಹುಡುಕಲು ಹೊರಟರೆ ಕೆಡುತ್ತದೆ. ಕಥೆಯ ವಿಷಯದಲ್ಲಿ ಕೊನೆಯ ಮಾತು ಯಾರದು ಎಂಬುದು ಕೆಲಸ ಮಾಡುವವರಿಗೇ ಗೊತ್ತಿಲ್ಲದಿದ್ದರೆ ಇನ್ನೂ ಬೇಗ ಕೆಡುತ್ತದೆ. ಈ ಎರಡು ಮಾತನ್ನೇ ಇವತ್ತು ಉದಾಹರಣೆಗಳ ಸಮೇತ ಹೇಳುತ್ತೇನೆ.

ಹಾಲಿವುಡ್‌ಗೆ ಹೋಗುವ ಮೊದಲು ನಮ್ಮ ಕೋಟೆಗೇ ಒಮ್ಮೆ ಹೋಗಿಬರೋಣ. ಈ ಊರಿನಲ್ಲಿ ರಂಗಮಂದಿರಕ್ಕೆ ಕಾದಂಬರಿಕಾರ ತ.ರಾ.ಸು. ಅವರ ಹೆಸರಿದೆ. ಕೋಟೆ ನೋಡಲು ಬಂದ ಪ್ರವಾಸಿಗರು ಓಬವ್ವನ ಕಿಂಡಿಯ ಹತ್ತಿರ ನಿಂತು "ಆ ಹಾಡು ತೆಗೆದದ್ದು ಇಲ್ಲೇನಾ?" ಎಂದು ಕೇಳುತ್ತಾರೆ. ಅವರ ಕಣ್ಣ ಮುಂದೆ ಇರುವುದು ಒನಕೆ ಹಿಡಿದ ಜಯಂತಿ. ಹದಿನೆಂಟನೇ ಶತಮಾನದ ಓಬವ್ವನ ಮುಖ ಹೇಗಿತ್ತೋ ಯಾರೂ ಕಂಡವರಿಲ್ಲ. 1972ರ 'ನಾಗರಹಾವು' ಕೊಟ್ಟ ಮುಖವೇ ಕನ್ನಡದ ಮನಸ್ಸಿನಲ್ಲಿ ಆಕೆಯ ಮುಖವಾಗಿ ಕೂತುಬಿಟ್ಟಿದೆ. ಒಂದು ಸಿನಿಮಾ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆ ಚಿತ್ರದಲ್ಲಿ ಮೂರು ಕೈಗಳಿದ್ದವು. ಬರೆದವರು ತ.ರಾ.ಸು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಅವರ ಮೂರು ಕಾದಂಬರಿಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದರು. ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್. ದುಡ್ಡು ಹಾಕಿದವರು ನಿರ್ಮಾಪಕ ಎನ್. ವೀರಾಸ್ವಾಮಿ. ಚಿತ್ರ ಗೆದ್ದಿತು, ವಿಷ್ಣುವರ್ಧನ್ ಎಂಬ ನಾಯಕ ಹುಟ್ಟಿದರು, ಅಂಬರೀಶ್ ಎಂಬ ಹೊಸ ಹುಡುಗ ಜಲೀಲನಾಗಿ ಜನರ ಬಾಯಿಗೆ ಬಿದ್ದರು. ಆದರೆ ಬರೆದ ತ.ರಾ.ಸು. ಅವರಿಗೆ ಸಿನಿಮಾ ಒಪ್ಪಿಗೆಯಾಗಲಿಲ್ಲ. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂಬರ್ಥದಲ್ಲಿ ಅವರು ಆಡಿದರೆನ್ನುವ ಮಾತು ಇವತ್ತಿಗೂ ಓಡಾಡುತ್ತದೆ.

ಈಗ ಯೋಚಿಸಿ. ಆ ಕಥೆಯ ನಾಯಕ ರಾಮಾಚಾರಿಯ ಮೇಲೆ ಯಾರಿಗೆ ಹೆಚ್ಚು ಹಕ್ಕು? ಕಾನೂನಿನ ಉತ್ತರ ಸರಳ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ. ನಿರ್ದೇಶಕ ಅಲ್ಲ, ನಟ ಅಲ್ಲ. ಕಾದಂಬರಿಯ ಹಕ್ಕು ಬರೆದವನದು, ಅದನ್ನು ಅವನು ಚಿತ್ರಕ್ಕೆ ಕೊಡುತ್ತಾನೆ. ಕೊಟ್ಟ ಮೇಲೂ ಅವನ ಹತ್ತಿರ ಒಂದು ಸಣ್ಣ ಆಯುಧ ಉಳಿಯುತ್ತದೆ, ಅದು ಕಾಯ್ದೆಯ 57ನೇ ಕಲಂ. ಕೃತಿಯನ್ನು ತಿರುಚಿ ಲೇಖಕನ ಮಾನಕ್ಕೆ ಕುಂದು ತಂದರೆ ಹಕ್ಕು ಮಾರಿದ ಮೇಲೂ ಅವನು ತಕರಾರು ತೆಗೆಯಬಹುದು. 1986ರಲ್ಲಿ ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿ ಆಧರಿಸಿದ ಚಿತ್ರದ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದು ಇದೇ ಕಲಮಿನ ಬಲದ ಮೇಲೆ. ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು. ನಮ್ಮ ಬರಹಗಾರರಲ್ಲಿ ಎಷ್ಟೋ ಜನ ಈ ಕಲಂ ಇದೆ ಎಂಬುದೇ ತಿಳಿಯದೆ ಸಹಿ ಹಾಕುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ಇಲ್ಲಿ ಮುಂದೆ ಸಿನಿಮಾಕ್ಕೆ ಬರೆಯಬೇಕೆಂದಿರುವವರು ಇದನ್ನು ಗುರುತು ಹಾಕಿಕೊಳ್ಳಿ.

ತ.ರಾ.ಸು. ಅವರ ಅಸಮಾಧಾನ ನಿಜ, ಪುಟ್ಟಣ್ಣನವರ ಚಿತ್ರದ ದೊಡ್ಡತನವೂ ಅಷ್ಟೇ ನಿಜ. ಮೂಲಕ್ಕೆ ನಿಷ್ಠೆ ಇಲ್ಲದಿದ್ದರೆ ಚಿತ್ರ ಕೆಟ್ಟದ್ದು ಎಂದು ವಾದಿಸುವ ಅಭಿಮಾನಿಗಳಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಪುಟ್ಟಣ್ಣ ಮೂಲವನ್ನು ಬದಲಾಯಿಸಿದರು, ಆದರೆ ಒಬ್ಬ ಮನುಷ್ಯನ ಕಣ್ಣಿನಿಂದ, ಒಂದೇ ಹಟದಿಂದ ಬದಲಾಯಿಸಿದರು. ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬೀಳುವ ಆ ಕೊನೆಯ ಭಾಗ ನೆನಪು ಮಾಡಿಕೊಳ್ಳಿ. ಅದನ್ನು ಒಪ್ಪಬಹುದು, ಬಿಡಬಹುದು. ಅದು ಯಾವುದೋ ಸಭೆಯಲ್ಲಿ ನಾಲ್ಕು ಜನ ಕೂತು ಕೈಯೆತ್ತಿ ತೀರ್ಮಾನಿಸಿದ ಅಂತ್ಯ ಅಂತ ಮಾತ್ರ ಯಾರೂ ಹೇಳಲಾರರು.

ಈಗ ಸ್ಟಾರ್ ವಾರ್ಸ್. ಇದರ ಹಿಂದಿನ ವ್ಯವಹಾರ ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಮೊದಲ ಚಿತ್ರ ಬಂದದ್ದು 1977ರಲ್ಲಿ, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮೂಲಕ. ಅದನ್ನು ಬರೆದು ನಿರ್ದೇಶಿಸಿದ, ಆಗಿನ್ನೂ ಯುವಕನಾಗಿದ್ದ ಜಾರ್ಜ್ ಲ್ಯೂಕಸ್ ಒಪ್ಪಂದದ ಮೇಜಿನ ಮುಂದೆ ತನ್ನ ಸಂಭಾವನೆ ಏರಿಸಿಕೊಳ್ಳುವ ಬದಲು ಆಟಿಕೆ, ಅಂಗಿ, ಪುಸ್ತಕಗಳ ಹಕ್ಕನ್ನೂ ಮುಂದಿನ ಭಾಗಗಳ ಹಕ್ಕನ್ನೂ ಕೇಳಿಕೊಂಡ. ಆ ಕಾಲದಲ್ಲಿ ಸಿನಿಮಾ ಆಟಿಕೆ ಅಂದರೆ ಸ್ಟುಡಿಯೋದವರಿಗೆ ಚಿಲ್ಲರೆ ಬಾಬತ್ತು. ಕೊಟ್ಟುಬಿಟ್ಟರು. ಆ ಚಿಲ್ಲರೆಯೇ ಆಮೇಲೆ ಸಾಮ್ರಾಜ್ಯವಾಯಿತು, ಲ್ಯೂಕಸ್ ತನ್ನ ಕಥೆಗೆ ತಾನೇ ಮಾಲೀಕನಾದ. ಅದಕ್ಕೂ ನಾಲ್ಕು ದಶಕ ಹಿಂದೆ, 1938ರಲ್ಲಿ, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ತಮ್ಮ ಸೂಪರ್‌ಮ್ಯಾನ್‌ನನ್ನು 130 ಡಾಲರಿಗೆ ಬರೆದುಕೊಟ್ಟಿದ್ದರು. ಅವರಿಗೆ ವರ್ಷಾಶನ ಮತ್ತು ಹೆಸರಿನ ಗೌರವ ಸಿಕ್ಕಿದ್ದು 1975ರಲ್ಲಿ, ಅದೂ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾದ ಮೇಲೆ. ಲ್ಯೂಕಸ್‌ನ ಜಾಣತನದ ಬೆಲೆ ಗೊತ್ತಾಗುವುದು ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ.

2012ರ ಅಕ್ಟೋಬರಿನಲ್ಲಿ ಲ್ಯೂಕಸ್ ತನ್ನ ಕಂಪನಿಯನ್ನು ಡಿಸ್ನಿಗೆ ಮಾರಿದ, 405 ಕೋಟಿ ಡಾಲರಿಗೆ. ಜೊತೆಗೆ ಮುಂದಿನ ಮೂರು ಚಿತ್ರಗಳಿಗೆ ತಾನು ಬರೆದಿದ್ದ ಕಥಾರೂಪವನ್ನೂ ಕೊಟ್ಟ. ಡಿಸ್ನಿ ಅದನ್ನು ಬಳಸಲಿಲ್ಲ. ಅದು ತಿಳಿದಾಗ ಲ್ಯೂಕಸ್‌ಗೆ ಮೋಸವಾದಂತೆ ಅನ್ನಿಸಿತು ಎಂದು ಆಗ ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ತಮ್ಮ ಆತ್ಮಕಥನದಲ್ಲಿ ತಾವೇ ಬರೆದುಕೊಂಡಿದ್ದಾರೆ.

ಇಲ್ಲಿಂದ ತಾರೀಕಿನ ಆಟ ಶುರು. ಮೊದಲ ಚಿತ್ರ 2015ಕ್ಕೆ ಬರಲೇಬೇಕು ಎಂದಾಯಿತು. ಚಿತ್ರಕಥೆ ಬರೆಯುತ್ತಿದ್ದ ಮೈಕಲ್ ಆರ್ನ್ಟ್ 2013ರ ಅಕ್ಟೋಬರಿನಲ್ಲಿ ಹೊರಗೆ ಹೋದರು, ನಿರ್ದೇಶಕ ಜೆ.ಜೆ. ಏಬ್ರಮ್ಸ್ ಮತ್ತು ಲಾರೆನ್ಸ್ ಕ್ಯಾಸ್ಡನ್ ಕೂತು ಬರೆದು ಮುಗಿಸಿದರು. ಎರಡನೆಯದನ್ನು ರಯಾನ್ ಜಾನ್ಸನ್ ಬರೆದು ನಿರ್ದೇಶಿಸಿದರು, 2017. ಮೂರನೆಯದಕ್ಕೆ ನಿರ್ದೇಶಕರೆಂದು ಗೊತ್ತಾಗಿದ್ದ ಕಾಲಿನ್ ಟ್ರೆವರೋ 2017ರ ಸೆಪ್ಟೆಂಬರಿನಲ್ಲಿ ಹೊರಬಿದ್ದರು, ಮತ್ತೆ ಏಬ್ರಮ್ಸ್ ಬಂದರು. ಬಿಡುಗಡೆ 2019ರ ಡಿಸೆಂಬರ್. ಮೂರು ಚಿತ್ರಕ್ಕೆ ಸೇರಿ ಆದಿಯಿಂದ ಅಂತ್ಯದವರೆಗೆ ಒಂದೇ ಕಥೆ ಯಾರ ತಲೆಯಲ್ಲೂ ಇರಲಿಲ್ಲ.

ಇದರ ಪರಿಣಾಮವನ್ನು ಒಂದೇ ಒಂದು ಎಳೆಯಲ್ಲಿ ತೋರಿಸುತ್ತೇನೆ. ನಾಯಕಿ ರೇ ಅನಾಥೆ. ನನ್ನ ತಂದೆತಾಯಿ ಯಾರು ಎಂಬುದು ಅವಳ ಕೊರಗು. ಎರಡನೇ ಚಿತ್ರದಲ್ಲಿ ಕೆಂಪು ದಿರಿಸಿನ ಕಾವಲುಗಾರರ ಜೊತೆ ದೊಡ್ಡ ಹೊಡೆದಾಟ ಮುಗಿದಿದೆ, ಸಿಂಹಾಸನದ ಕೋಣೆ ಹೊತ್ತಿ ಉರಿಯುತ್ತಿದೆ. ಆಗ ಖಳನಾಯಕ ಕೈಲೋ ರೆನ್ ಅವಳಿಗೆ ಹೇಳುತ್ತಾನೆ, ನಿನ್ನ ಹೆತ್ತವರು ಯಾರೂ ಅಲ್ಲ, ಕುಡಿತದ ದುಡ್ಡಿಗಾಗಿ ನಿನ್ನನ್ನು ಮಾರಿದ ಗುಜರಿ ವ್ಯಾಪಾರಿಗಳು ಅಂತ. ಅವಳ ಕಣ್ಣಲ್ಲಿ ನೀರು. ಅದು ಅವಳಿಗೆ ಮೊದಲೇ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ. ನನ್ನ ಮಟ್ಟಿಗೆ ಆ ಮೂರೂ ಚಿತ್ರಗಳಲ್ಲಿ ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ದೊಡ್ಡ ಮನೆತನದ ರಕ್ತ ಇಲ್ಲದವಳೂ ದೊಡ್ಡವಳಾಗಬಹುದು ಎಂದು ಆ ಸರಣಿ ಅಷ್ಟು ಬಿಡಿಸಿ ಹೇಳಿದ ಜಾಗ ಇನ್ನೊಂದಿಲ್ಲ. ಎರಡು ವರ್ಷ ಬಿಟ್ಟು ಮೂರನೇ ಚಿತ್ರ ಬಂತು. ಅದೇ ಕೈಲೋ ರೆನ್ ಅವಳಿಗೆ ಹೇಳುತ್ತಾನೆ, ನೀನು ಸಾಮ್ರಾಟ ಪಾಲ್ಪಟೀನನ ಮೊಮ್ಮಗಳು. ಆ ಪಾಲ್ಪಟೀನ್ 1983ರ ಚಿತ್ರದಲ್ಲೇ ಪಾತಾಳದಂಥ ಬಾವಿಗೆ ಬಿದ್ದು ಸತ್ತಿದ್ದ! ಅವನು ಹೇಗೆ ಬದುಕಿಬಂದ? ಹೇಗೋ ಬಂದ ಎಂದು ಒಂದು ಪಾತ್ರದ ಬಾಯಲ್ಲಿ ಹೇಳಿಸಿ ಮುಗಿಸಿದರು. ಆ "ಹೇಗೋ" ಎಂಬುದನ್ನು ಜಗತ್ತಿನ ಅಭಿಮಾನಿಗಳು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ.

ಎರಡನೇ ಚಿತ್ರ ಇಷ್ಟಪಟ್ಟವರಿಗೂ ನಷ್ಟ, ಇಷ್ಟಪಡದವರಿಗೂ ನಷ್ಟ. ಮೊದಲನೆಯವರಿಗೆ ಅದರ ಮಾತನ್ನು ಅಳಿಸಿದರು, ಎರಡನೆಯವರಿಗೆ ಗಡಿಬಿಡಿಯ ತೇಪೆ ಕೊಟ್ಟರು. ಕಾರ್ಬೈಡ್ ಹಾಕಿದ ಮಾವಿನ ಹಣ್ಣು ಹಾಗೆ, ಬಣ್ಣ ಬಂದಿರುತ್ತದೆ, ರುಚಿ ಬಂದಿರುವುದಿಲ್ಲ. ಅದೇ ಕಂಪನಿಯ 'ಸೋಲೋ' ಚಿತ್ರದ ಇಬ್ಬರು ನಿರ್ದೇಶಕರನ್ನು 2017ರ ಜೂನಿನಲ್ಲಿ, ಚಿತ್ರೀಕರಣದ ನಡುವೆಯೇ ತೆಗೆದುಹಾಕಿದರು. ರಾನ್ ಹೊವಾರ್ಡ್ ಬಂದು ಬಹುಪಾಲು ಮತ್ತೆ ತೆಗೆದರು. ಆದರೆ 2018ರ ಮೇ ಎಂಬ ತಾರೀಕು ಮಾತ್ರ ಕದಲಲಿಲ್ಲ. ಚಿತ್ರ ಸೋತಿತು.

ಹಾಗಾದರೆ ಲ್ಯೂಕಸ್ ಕೈಯಲ್ಲೇ ಇದ್ದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತೇ? ಈ ಮಾತನ್ನು ಅಭಿಮಾನಿಗಳು ಬಹಳ ಸಲೀಸಾಗಿ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. 1997ರಲ್ಲಿ ಲ್ಯೂಕಸ್ ತನ್ನ ಹಳೆಯ ಚಿತ್ರಗಳನ್ನು ತಾನೇ ತಿದ್ದಿ ಮರುಬಿಡುಗಡೆ ಮಾಡಿದ. ಹಾನ್ ಸೋಲೋ ಎಂಬ ಪಾತ್ರ ಮೊದಲು ಗುಂಡು ಹಾರಿಸುತ್ತಿದ್ದ ದೃಶ್ಯವನ್ನು, ಎದುರಿನವನೇ ಮೊದಲು ಹಾರಿಸಿದ ಎಂಬಂತೆ ಬದಲಾಯಿಸಿದ. ಅಭಿಮಾನಿಗಳು ಕೆರಳಿದರು. 1999ರಲ್ಲಿ ಹೊಸ ಮೂರು ಚಿತ್ರಗಳ ಮೊದಲನೆಯದು ಬಂದಾಗಲಂತೂ ಲ್ಯೂಕಸ್ ನಮ್ಮ ಬಾಲ್ಯವನ್ನೇ ಕೆಡಿಸಿದ ಎಂದು ಕೂಗಾಡಿದವರು ಸಾವಿರಾರು. ಇವತ್ತು ಅದೇ ಮೂರು ಚಿತ್ರಗಳನ್ನು ಮೆಚ್ಚಿ ಮಾತಾಡುವ ತಲೆಮಾರು ಬಂದಿದೆ. ಆಗ ಬೈಸಿಕೊಂಡದ್ದು ಯಾವ ಕಂಪನಿಯೂ ಅಲ್ಲ, ಕಥೆ ಕಟ್ಟಿದ ಮನುಷ್ಯನೇ.

ಅದೇ ಡಿಸ್ನಿಯ ಕೆಳಗೇ 'ಆಂಡೋರ್' ಎಂಬ ಸ್ಟಾರ್ ವಾರ್ಸ್ ಸೀರೀಸ್ ಕೂಡ ಬಂತಲ್ಲ, ಅದನ್ನೂ ನೋಡಬೇಕು. ಟೋನಿ ಗಿಲ್ರಾಯ್ ಅದರ ಜವಾಬ್ದಾರಿ ಹೊತ್ತರು. ಮೊದಲು ಐದು ಸೀಸನ್ ಎಂಬ ಯೋಚನೆ ಇತ್ತು. ಹಾಗೆ ಮಾಡಿದರೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಕೂತು ಲೆಕ್ಕ ಹಾಕಿ, ಕಥೆಯನ್ನು ಎರಡೇ ಸೀಸನ್‌ಗೆ, ಇಪ್ಪತ್ತನಾಲ್ಕು ಕಂತಿಗೆ ಮಡಚಿದರು. ಮೊದಲ ಸೀಸನ್ 2022ರಲ್ಲಿ ಬಂತು, ಎರಡನೆಯದು 2025ರಲ್ಲಿ. ಅವಸರವಿಲ್ಲ. ಡಿಸ್ನಿ ಎಲ್ಲವನ್ನೂ ಕೆಡಿಸಿತು ಎನ್ನುವ ಕಟ್ಟಾ ಅಭಿಮಾನಿಗಳೇ ಅದನ್ನು ತಲೆಯ ಮೇಲೆ ಹೊತ್ತರು. ಮಾಲೀಕ ಅದೇ, ಲಾಂಛನ ಅದೇ. ಬದಲಾಗಿದ್ದು ಒಬ್ಬನ ಕೈಗೆ ಕೊಟ್ಟ ಅಧಿಕಾರ ಮತ್ತು ಸಮಯ.

ಡಿಸ್ನಿಯದೇ ಇನ್ನೊಂದು ಸೊತ್ತಾದ ಮಾರ್ವೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ. 2008ರಿಂದ 2019ರ ಎಂಡ್‌ಗೇಮ್‌ವರೆಗೆ ಹನ್ನೊಂದು ವರ್ಷಕ್ಕೆ ಇಪ್ಪತ್ತೆರಡು ಚಿತ್ರ. ಆಮೇಲೆ ಸ್ಟ್ರೀಮಿಂಗ್ ಬಂತು, ತಿಂಗಳ ಚಂದಾದಾರರನ್ನು ಹಿಡಿದಿಟ್ಟುಕೊಳ್ಳಬೇಕು. 2021 ಒಂದೇ ವರ್ಷದಲ್ಲಿ ನಾಲ್ಕು ಸಿನಿಮಾ, ಐದು ಸೀರೀಸ್. ಹೋಮ್‌ವರ್ಕ್ ಮಾಡಿದಂತೆ ನೋಡಬೇಕಾಗಿದೆ ಎಂದು ನಿಮ್ಮಲ್ಲೇ ಒಬ್ಬರು ಹೇಳಿದರು, ಸರಿಯಾದ ಮಾತು. ಅತಿಯಾಗಿ ತಯಾರಿಸಿ ಗಮನ ಚದುರಿತು ಎಂದು 2023ರಲ್ಲಿ ಐಗರ್ ಅವರೇ ಒಪ್ಪಿಕೊಂಡರು, ಮುಂದಿನ ವರ್ಷ ಸಂಖ್ಯೆ ಇಳಿಸುವುದಾಗಿಯೂ ಹೇಳಿದರು. ಅಭಿಮಾನಿಗಳು ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದರು.

ಆದರೆ ಈ ಅವಸರದ ಬೆಲೆಯನ್ನು ನಾವು ಮರೆತುಬಿಡುವ ಕೆಲವರು ತೆರುತ್ತಾರೆ. ಗ್ರಾಫಿಕ್ಸ್ ಮಾಡುವ ಹುಡುಗ ಹುಡುಗಿಯರು. ಕೊನೆ ಗಳಿಗೆಯಲ್ಲಿ ದೃಶ್ಯ ಬದಲಾದರೆ ರಾತ್ರಿಯಿಡೀ ಕೂರುವವರು ಅವರು. 2023ರ ಸೆಪ್ಟೆಂಬರಿನಲ್ಲಿ ಮಾರ್ವೆಲ್‌ನ ಗ್ರಾಫಿಕ್ಸ್ ಕೆಲಸಗಾರರು ಒಮ್ಮತದಿಂದ ಮತ ಹಾಕಿ ಕಾರ್ಮಿಕ ಸಂಘಕ್ಕೆ ಸೇರಿದರು. ಹಾಲಿವುಡ್‌ನ ಈ ಕೆಲಸದ ದೊಡ್ಡ ಪಾಲು ನಮ್ಮ ದೇಶದಲ್ಲೇ ಆಗುತ್ತದೆ, ಬೆಂಗಳೂರಿನಲ್ಲೂ. 2025ರ ಫೆಬ್ರುವರಿಯಲ್ಲಿ ಗ್ರಾಫಿಕ್ಸ್ ಮಾಡುವ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಕಚೇರಿಯವರೂ ದಿಢೀರನೆ ಬೀದಿಗೆ ಬಿದ್ದರು. "ಗ್ರಾಫಿಕ್ಸ್ ಕಳಪೆ" ಎಂದು ಬರೆಯುವ ಮೊದಲು ಆ ಕೆಲಸಕ್ಕೆ ಎಷ್ಟು ದಿನ ಕೊಟ್ಟಿದ್ದರು ಎಂದು ಕೇಳಿ. ದಯವಿಟ್ಟು ಕೇಳಿ.

ಅಭಿಮಾನಿಗಳು ಕೂಗಿದರೆ ಕಂಪನಿ ಕೇಳುತ್ತದೆಯೇ? ಕೆಲವೊಮ್ಮೆ ಕೇಳುತ್ತದೆ, ತನಗೆ ಲಾಭವಿದ್ದಾಗ. ವಾರ್ನರ್ ಬ್ರದರ್ಸ್ ಕಥೆ ಇದಕ್ಕೆ ಸಾಕ್ಷಿ. 2017ರ 'ಜಸ್ಟಿಸ್ ಲೀಗ್' ಎಂಬ ಸೂಪರ್‌ಹೀರೋ ಚಿತ್ರದಲ್ಲಿ ನಿರ್ದೇಶಕ ಜ್ಯಾಕ್ ಸ್ನೈಡರ್ ಮಗಳನ್ನು ಕಳೆದುಕೊಂಡ ದುಃಖದಲ್ಲಿ ಹೊರಬಂದರು, ಇನ್ನೊಬ್ಬರು ಮುಗಿಸಿದರು, ಚಿತ್ರ ಯಾರಿಗೂ ರುಚಿಸಲಿಲ್ಲ. ಸ್ನೈಡರ್ ಮಾಡಿದ್ದನ್ನೇ ತೋರಿಸಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿದರು, ಜೊತೆಗೆ ಆತ್ಮಹತ್ಯೆ ತಡೆಯುವ ಸಂಸ್ಥೆಗೆ ದೊಡ್ಡ ಮೊತ್ತ ಕೂಡಿಸಿಕೊಟ್ಟರು. ಅಭಿಮಾನದ ಅತ್ಯಂತ ಗೌರವದ ಮುಖ ಅದು. 2021ರ ಮಾರ್ಚಿನಲ್ಲಿ ನಾಲ್ಕು ಗಂಟೆಯ ಆ ಆವೃತ್ತಿ ಬಂತು. ಗೆದ್ದೆವು ಎಂದರು ಅಭಿಮಾನಿಗಳು. ಆದರೆ ಆಗ ವಾರ್ನರ್‌ನ ಒಡೆತನ ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿಯದು, 2020ರಲ್ಲಿ ಶುರುವಾಗಿದ್ದ ಅದರ ಹೊಸ ಸ್ಟ್ರೀಮಿಂಗ್ ಸೇವೆಗೆ ಚಂದಾದಾರರು ಬೇಕಾಗಿದ್ದರು. 2022ರ ಏಪ್ರಿಲ್‌ನಲ್ಲಿ ಒಡೆತನ ಬದಲಾಗಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಆಯಿತು. ಅದಾಗಿ ನಾಲ್ಕೇ ತಿಂಗಳಿಗೆ, ಚಿತ್ರೀಕರಣ ಮುಗಿಸಿದ್ದ 'ಬ್ಯಾಟ್‌ಗರ್ಲ್' ಸಿನಿಮಾವನ್ನು ಬಿಡುಗಡೆ ಮಾಡದೆ ಕಪಾಟಿಗೆ ಹಾಕಿದರು. ಸ್ನೈಡರ್‌ನ ಮುಂದಿನ ಭಾಗಗಳಿಗಾಗಿ ಎದ್ದ ಕೂಗು ಯಾರ ಕಿವಿಗೂ ಬೀಳಲಿಲ್ಲ. ಅದೇ ಅಭಿಮಾನಿಗಳು, ಅದೇ ದನಿ. ಲೆಕ್ಕದ ಪುಸ್ತಕ ಮಾತ್ರ ಬೇರೆ.

ಚಿತ್ರೀಕರಣ ಮುಗಿದ ಚಿತ್ರವನ್ನು ಹೂತುಹಾಕುವುದು ನನಗೆ ಈ ಎಲ್ಲದರಲ್ಲಿ ಅತಿ ಕ್ರೂರವಾಗಿ ಕಾಣುತ್ತದೆ. ಕೆಟ್ಟ ಚಿತ್ರವನ್ನಾದರೂ ಬೈಯಬಹುದು, ಕಾಣದ ಚಿತ್ರವನ್ನು ಏನು ಮಾಡುವುದು? ನೂರಾರು ಜನರ ದುಡಿಮೆ ಲೆಕ್ಕದ ಕಾಗದದ ಮೇಲಿನ ಒಂದು ಸಾಲಾಗಿ ಹೋಯಿತು.

ಬಾಂಡ್ ವಿಷಯಕ್ಕೆ ಬರುತ್ತೇನೆ. 1962ರಲ್ಲಿ ಶುರುವಾದ ಈ ಸರಣಿ ಆರು ದಶಕ ಒಂದೇ ಕುಟುಂಬದ ಹಿಡಿತದಲ್ಲಿತ್ತು. ಮೊದಲು ಆಲ್ಬರ್ಟ್ ಬ್ರೊಕೊಲಿ, ಆಮೇಲೆ ಮಗಳು ಬಾರ್ಬರಾ ಮತ್ತು ಮಲಮಗ ಮೈಕಲ್ ವಿಲ್ಸನ್. ಅಮೆಜಾನ್ 2022ರಲ್ಲಿ 845 ಕೋಟಿ ಡಾಲರ್ ಕೊಟ್ಟು ಎಂಜಿಎಂ ಸ್ಟುಡಿಯೋವನ್ನು ಕೊಂಡಾಗಲೂ ಬಾಂಡ್ ಯಾರಾಗಬೇಕು, ಏನು ಮಾಡಬೇಕು ಎಂಬ ಮಾತು ಈ ಅಣ್ಣತಂಗಿಯರದೇ ಆಗಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನೂ ಬಿಟ್ಟುಕೊಟ್ಟರು. ಅದೇ ದಿನ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಮುಂದಿನ ಬಾಂಡ್ ಯಾರಾಗಬೇಕು ಎಂದು ಜಾಲತಾಣದಲ್ಲಿ ಜನರನ್ನು ಕೇಳಿದರು. ಬ್ರೊಕೊಲಿ ಮನೆಯವರು ಯಾವತ್ತೂ ಹಾಗೆ ಕೇಳಿದವರಲ್ಲ. ಅವರು ಬೇಡ ಅನ್ನುವುದನ್ನು ಬಲ್ಲವರಾಗಿದ್ದರು. ಈಗ ನಿರ್ದೇಶನಕ್ಕೆ ಡೆನಿ ವಿಲ್ನೂವ್ ಬಂದಿದ್ದಾರೆ, ನನಗೆ ಭರವಸೆ ಇದೆ. ಒಂದು ಚಿತ್ರದ ಮಟ್ಟಿಗೆ ಭರವಸೆ ಇದೆ. ಬಾಂಡ್‌ನ ಬಾಸ್‌ನ ಬಾಲ್ಯ, ಬಾಂಡ್‌ನ ಕಾರಿನ ಕಥೆ ಎಂದು ಕವಲು ಸೀರೀಸ್‌ಗಳು ಶುರುವಾದರೆ ಎಂಬುದೇ ಭಯ.

ಬಾಂಡ್ ಮಾದರಿಯನ್ನು ನಾವು ಎಷ್ಟು ಬೇಗ ನಮ್ಮದು ಮಾಡಿಕೊಂಡೆವು ಎಂಬುದನ್ನು ಹೊಸ ತಲೆಮಾರು ಮರೆತಿದೆ. 1968ರಲ್ಲಿ ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' ಬಂತು, ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಆಮೇಲೆ ಒಂಬತ್ತು ವರ್ಷ ಸುಮ್ಮನಿದ್ದು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೆ ನಿಲ್ಲಿಸಿದರು. ಇವತ್ತಾಗಿದ್ದರೆ ಹದಿನಾಲ್ಕು ಆಗುತ್ತಿತ್ತು.

ಕನ್ನಡದ ಈಗಿನ ದೊಡ್ಡ ಸರಣಿಗಳೆರಡೂ ಹೊಂಬಾಳೆ ಫಿಲ್ಮ್ಸ್ ಒಡೆತನದಲ್ಲಿವೆ. ಕೆಜಿಎಫ್ ಮೊದಲ ಭಾಗ 2018ರ ಡಿಸೆಂಬರ್, ಎರಡನೆಯದು 2022ರ ಏಪ್ರಿಲ್. ಕಾಂತಾರ 2022, ಅದರ ಹಿಂದಿನ ಕಥೆ ಬಂದದ್ದು 2025ರ ಅಕ್ಟೋಬರಿನಲ್ಲಿ. ಎರಡರಲ್ಲೂ ನಡುವೆ ಮೂರು ವರ್ಷ, ಎರಡರಲ್ಲೂ ಅದೇ ನಿರ್ದೇಶಕ, ಪ್ರಶಾಂತ್ ನೀಲ್ ಮತ್ತು ರಿಷಬ್ ಶೆಟ್ಟಿ. ಸಂಸ್ಥೆ ದೊಡ್ಡದಾದರೂ ಕಥೆ ಕಟ್ಟಿದವರ ಕೈಯಿಂದ ಕಥೆ ಕಿತ್ತುಕೊಳ್ಳಲಿಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕೆಜಿಎಫ್ ಮೂರನೇ ಭಾಗ ಯಾವಾಗ ಎಂದು ಕೇಳಿ ಕೇಳಿ ಪ್ರಾಣ ತಿನ್ನುವ ಗೆಳೆಯರಿಗೆ ನಾನು ಹೇಳುವುದು ಒಂದೇ, ತಡವಾಗಲಿ ಬಿಡ್ರಪ್ಪ. ಅವಸರ ಮಾಡುವುದು ಯಾವಾಗಲೂ ಕಂಪನಿಯೇ ಅಲ್ಲ, ಎಷ್ಟೋ ಸಲ ನಾವೇ. ಅದೇ ಸಂಸ್ಥೆ 'ಮಹಾವತಾರ' ಹೆಸರಿನಲ್ಲಿ ದಶಾವತಾರದ ಅನಿಮೇಷನ್ ಚಿತ್ರಗಳನ್ನು 2037ರವರೆಗೆ, ಎರಡೆರಡು ವರ್ಷಕ್ಕೊಂದರಂತೆ ಈಗಲೇ ಘೋಷಿಸಿದೆ. ಪುರಾಣದ ಕಥೆ ಮೊದಲೇ ಇದೆ, ಹುಡುಕಬೇಕಾಗಿಲ್ಲ, ಅದು ನಿಜ. ಆದರೂ ಹನ್ನೆರಡು ವರ್ಷದ ತಾರೀಕುಗಳು ಮೊದಲೇ ಗೋಡೆಗೆ ಅಂಟಿದ್ದನ್ನು ಕಂಡಾಗ, ಇಷ್ಟು ಹೊತ್ತು ಹೇಳಿದ್ದೆಲ್ಲ ನನ್ನ ಎದೆಯಲ್ಲಿ ಎದ್ದು ನಿಲ್ಲುತ್ತದೆ.

ನಮ್ಮ ಪಕ್ಕದ ದಾವಣಗೆರೆ ಕಂಪನಿ ನಾಟಕದ ತವರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಹೆಸರು ಕೇಳದವರು ಇಲ್ಲಿ ಇರಲಾರರು. ಅದೂ ಕಂಪನಿಯೇ, ಅಲ್ಲಿಯೂ ಮಾಲೀಕರಿದ್ದರು, ಗಲ್ಲಾಪೆಟ್ಟಿಗೆ ಇತ್ತು, ಕಲೆಕ್ಷನ್ ಬಿದ್ದರೆ ಕ್ಯಾಂಪ್ ಕಿತ್ತು ಮುಂದಿನ ಊರಿಗೆ ಹೋಗಬೇಕಿತ್ತು. ಆದರೆ ಮಾಲೀಕರು ಬಣ್ಣ ಹಚ್ಚಿಕೊಂಡು ರಂಗದ ಮೇಲೆ ಇರುತ್ತಿದ್ದರು. ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗಿ ಅಲ್ಲೇ ಮತ್ತೆ ಹಾಡಿಸುತ್ತಿದ್ದರು. ಮಾತು ಎಳೆದಾಡಿದರೆ ಸೀಟಿ ಬೀಳುತ್ತಿತ್ತು, ಮರುದಿನದ ಆಟಕ್ಕೆ ಅದನ್ನು ಕತ್ತರಿಸುತ್ತಿದ್ದರು. ಪ್ರೇಕ್ಷಕನಿಗೆ ನಾಟಕದ ಮೇಲೆ ಕಾಗದದ ಹಕ್ಕು ಇರಲಿಲ್ಲ, ಆದರೆ ಅವನ ಮಾತು ಒಂದು ರಾತ್ರಿಯೊಳಗೆ ಮಾಲೀಕನ ಕಿವಿ ಮುಟ್ಟುತ್ತಿತ್ತು. ಇವತ್ತಿನ ಸಿನಿಮಾದಲ್ಲಿ ನಿಮ್ಮ ಮಾತು ತಲುಪಲು ಮೂರು ವರ್ಷ ಬೇಕು, ತಲುಪುವಾಗ ಅದು ಅಂಕಿಸಂಖ್ಯೆಯ ಪಟ್ಟಿಯಾಗಿರುತ್ತದೆ. ಯಾವ ದೃಶ್ಯ ಯಾಕೆ ನೋಯಿಸಿತು ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅಭಿಮಾನಿಗಳು ಕಿರುಚುವುದಕ್ಕೆ ದೊಡ್ಡ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ.

ಕಿರುಚುವುದು ಒಂದು, ಕಚ್ಚುವುದು ಇನ್ನೊಂದು. 1999ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಜಾರ್ ಜಾರ್ ಎಂಬ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಆ ನಿಂದನೆಯಿಂದ ಸಾಯುವ ಯೋಚನೆವರೆಗೆ ಹೋಗಿದ್ದಾಗಿ ಎಷ್ಟೋ ವರ್ಷದ ನಂತರ ಹೇಳಿಕೊಂಡರು. 2018ರಲ್ಲಿ ಅದೇ ಸರಣಿಯ ನಟಿ ಕೆಲ್ಲಿ ಮೇರಿ ಟ್ರ್ಯಾನ್ ತಮ್ಮ ಮೈಬಣ್ಣ, ಮೂಲದ ಬಗ್ಗೆ ಬಂದ ಹೊಲಸು ಮಾತುಗಳಿಗೆ ಬೇಸತ್ತು ಇನ್‌ಸ್ಟಾಗ್ರಾಂ ಖಾಲಿ ಮಾಡಿದರು. ಕಥೆಯನ್ನು ತೀರ್ಮಾನಿಸಿದವರು ಅವರಿಬ್ಬರೂ ಅಲ್ಲ. ತಾರೀಕು ನಿಗದಿ ಮಾಡಿದವರ ಹೆಸರೂ ಗೊತ್ತಿಲ್ಲದವರು, ಮುಖ ಕಾಣುವವರ ಮೇಲೆ ಬಿದ್ದರು. ನಮ್ಮಲ್ಲಿ ನಟರ ಅಭಿಮಾನಿಗಳು ಒಬ್ಬರಿನ್ನೊಬ್ಬರ ಮನೆಯ ಹೆಣ್ಣುಮಕ್ಕಳನ್ನು ಎಳೆದು ಬರೆಯುವುದನ್ನು ಓದಿದಾಗ ನನಗೆ ನಾಚಿಕೆಯಾಗುತ್ತದೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕೊನೆಯದಾಗಿ ಒಂದು ಕಷ್ಟದ ಸಂಗತಿ. 2016ರ ಅಕ್ಟೋಬರಿನಲ್ಲಿ 'ನಾಗರಹಾವು' ಎಂಬ ಅದೇ ಹೆಸರಿನ, ಬೇರೆಯೇ ಕಥೆಯ ಚಿತ್ರ ಬಂತು. ಅದರಲ್ಲಿ 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಿಂದ ಮರುಸೃಷ್ಟಿಸಿ ತೆರೆಗೆ ತಂದಿದ್ದರು. ಎರಡೇ ತಿಂಗಳಿಗೆ ಸ್ಟಾರ್ ವಾರ್ಸ್‌ನ 'ರೋಗ್ ಒನ್' ಬಂತು, ಅದರಲ್ಲಿ 1994ರಲ್ಲೇ ತೀರಿಕೊಂಡಿದ್ದ ನಟ ಪೀಟರ್ ಕುಶಿಂಗ್ ಮಾತಾಡಿದರು. ಒಂದೇ ವರ್ಷ, ಗಾಂಧಿನಗರವೂ ಹಾಲಿವುಡ್ಡೂ ಒಂದೇ ಕೆಲಸ ಮಾಡಿದವು. ಸಾಹಸಸಿಂಹನನ್ನು ಮತ್ತೆ ತೆರೆಯ ಮೇಲೆ ಕಂಡ ಅಭಿಮಾನಿಗಳ ಸಂಭ್ರಮ ಎಷ್ಟಿರಬಹುದು ಎಂದು ನಾನು ಊಹಿಸಬಲ್ಲೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ನಟನೆ ಅಂದರೆ ಒಪ್ಪುವುದು ಮತ್ತು ಒಲ್ಲೆ ಅನ್ನುವುದು ಎರಡೂ ಸೇರಿದ ಕೆಲಸ. ಸತ್ತವರಿಗೆ ಒಲ್ಲೆ ಅನ್ನಲು ಬರುವುದಿಲ್ಲ. ಈಗ ಎಐ ಬಂದು ಈ ಕೆಲಸ ಇನ್ನೂ ಅಗ್ಗವಾಗಿದೆ. ಕುಟುಂಬದವರ ಅನುಮತಿ ಒಂದಿದ್ದರೆ ಸಾಕೇ, ನಟರು ಬದುಕಿದ್ದಾಗಲೇ ಬರೆದಿಡಬೇಕೇ ಎಂಬುದು ನಿಮ್ಮ ತಲೆಮಾರು ತೀರ್ಮಾನಿಸಬೇಕಾದ್ದು. ನನ್ನ ಮತ, ಬರೆದಿಡಬೇಕು.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1972ರ 'ನಾಗರಹಾವು' ಚಿತ್ರದ ಹಕ್ಕು 2032ರ ಕೊನೆಗೆ ಮುಗಿಯುತ್ತದೆ. ಲೇಖಕನ ಹಕ್ಕು ಅವನು ತೀರಿಕೊಂಡ ಮರುವರ್ಷದಿಂದ 60 ವರ್ಷ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಹಾಗಾಗಿ ಅವರ ಕಾದಂಬರಿಗಳು 2045ರ ಜನವರಿಯಿಂದ ಎಲ್ಲರವು. ಅಮೆರಿಕದಲ್ಲಿ ಮಿಕ್ಕಿ ಮೌಸ್‌ನ ಮೊದಲ ರೂಪ 2024ರ ಜನವರಿಯಲ್ಲಿ ಹೀಗೆಯೇ ಡಿಸ್ನಿಯ ಕೈಬಿಟ್ಟಿತು. ಅಂದರೆ ಇಲ್ಲಿ ಕೂತಿರುವ ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ನಲವತ್ತು ದಾಟುವ ಹೊತ್ತಿಗೆ ರಾಮಾಚಾರಿ, ಅಲಮೇಲು, ಮಾರ್ಗರೇಟ್, ಚಾಮಯ್ಯ ಮೇಷ್ಟ್ರು ಯಾವ ಸಂಸ್ಥೆಯ ಒಪ್ಪಿಗೆಯೂ ಇಲ್ಲದೆ ನಿಮ್ಮ ಕೈಗೆ ಬರುತ್ತಾರೆ. ಅಷ್ಟರಲ್ಲಿ ಮೂಲ ಕಾದಂಬರಿಗಳನ್ನು ಓದಿಕೊಂಡಿರಿ, ಮೂರನ್ನೂ.

ನನ್ನ ಮಾತು ಇಷ್ಟು. ಬಾಂಡ್ ಬಗ್ಗೆ ನಾನು ಹೇಳಿದ್ದನ್ನು ಒಪ್ಪದ ಒಂದಿಬ್ಬರ ಮುಖ ಇಲ್ಲಿಂದಲೇ ಕಾಣುತ್ತಿದೆ, ಅವರಿಂದಲೇ ಪ್ರಶ್ನೆ ಶುರುವಾಗಲಿ. ಮೈಕ್ ಆ ಕಡೆಗೆ ಕೊಡಿ.